ಹೆಸರು ಹೇಳುವ ಆಳು

ಜುಲೈ ಮೂರು. ಬೆಳಗಿನಿಂದಲೇ ಸುಡುಬಿಸಿಲು, ಗಾಳಿಯ ಸುಳಿವಿಲ್ಲ.

ರೋಮಿನ ಪೇಟೆಚೌಕದಲ್ಲಿ ಟರ್ಪಿಲಿಯಸ್ ಮತ ಕೇಳುತ್ತಿದ್ದ. ಉಮೇದುವಾರರ ಪದ್ಧತಿಯಂತೆ ಉಡುಪಿಗೆ ಬಿಳಿಮಣ್ಣು ತೀಡಿಸಿಕೊಂಡಿದ್ದ. ಅದು ಬೆವರಿಗೆ ಕರಗಿ ಮೊಣಕಾಲಿಗೆ ಇಳಿದಿತ್ತು. ಬೆನ್ನ ಹಿಂದೆ ಒಬ್ಬ ಗುಲಾಮ. ಎದುರು ಬಂದವರ ಹೆಸರನ್ನು ಯಜಮಾನನ ಕಿವಿಯಲ್ಲಿ ಉಸುರುವುದೇ ಅವನ ಕೆಲಸ.

"ಗವಿಯಸ್. ರೊಟ್ಟಿ ಅಂಗಡಿ. ಅತ್ತೆಗೆ ಮಂಡಿನೋವು."

"ಓಹೋ, ಗವಿಯಸ್! ಅತ್ತೆಯವರ ಮಂಡಿ ಹೇಗಿದೆಯಪ್ಪಾ?"

ಗವಿಯಸ್ ಕರಗಿಹೋದ.

"ಗೆದ್ದ ಮೇಲೆ ನಿನ್ನನ್ನು ಬಿಡುಗಡೆ ಮಾಡುತ್ತೇನೆ" ಎಂದು ಯಜಮಾನ ಗುಲಾಮನಿಗೆ ಪ್ರತಿ ಚುನಾವಣೆಗೂ ಹೇಳುತ್ತಿದ್ದ. ಈ ಸಲ ಮಾತ್ರ, ಚುನಾವಣೆ ಮುಗಿದೊಡನೆ ಅವನನ್ನು ಗಣಿಯ ಒಡೆಯನಿಗೆ ಮಾರುವುದೆಂದು ಮಾತಾಗಿತ್ತು. ಆ ಒಡೆಯ ಬಂದಾಗ ಅವನ ಹೆಸರನ್ನು ಉಸುರಿದವನೂ ಈ ಗುಲಾಮನೇ.

ಜನ ಸೇರಿದಷ್ಟೂ ಟರ್ಪಿಲಿಯಸ್ ಉಬ್ಬಿದ. "ನಾನು ಹೆಸರು ಹಿಡಿದು ಕರೆಯಲಾರದ ಒಬ್ಬ ಮನುಷ್ಯ ಈ ಊರಲ್ಲಿದ್ದರೆ ಮುಂದೆ ಬರಲಿ! ಕೇಳಿದ್ದು ಕೊಡುತ್ತೇನೆ. ಜೂಪಿಟರ್ ಆಣೆ!"

ಗುಲಾಮ ಹಿಂದಿನಿಂದ ಸುತ್ತಿಬಂದು ಎದುರು ನಿಂತ. "ಬಂದೆ, ಸ್ವಾಮಿ."

ಟರ್ಪಿಲಿಯಸ್ ನಗುತ್ತಲೇ, ರೂಢಿಯಂತೆ ಕಿವಿಯನ್ನು ಹಿಂದಕ್ಕೆ ವಾಲಿಸಿದ. ಅಲ್ಲಿ ಯಾರೂ ಇರಲಿಲ್ಲ.

"ಏಯ್... ನೀನು..."

"ಅದು ನನ್ನ ಹೆಸರಲ್ಲ ಸ್ವಾಮಿ. ಹದಿನಾಲ್ಕು ವರ್ಷದಿಂದ ಅದಕ್ಕೆ ಓಗೊಟ್ಟಿದ್ದೇನೆ, ಅಷ್ಟೆ."

"ಮನುಷ್ಯ ಅಂದೆನಲ್ಲೋ! ನೀನು ನನ್ನ ಸೊತ್ತು. ಕುರ್ಚಿಗೆ ಯಾರಾದರೂ ಹೆಸರಿಡುತ್ತಾರೇನೋ?"

ಗುಲಾಮ ಜನರತ್ತ ತಿರುಗಿದ. "ಕೇಳಿದಿರಾ ಗವಿಯಸ್ಸಣ್ಣಾ? ನಿಮ್ಮ ಅತ್ತೆಯ ಮಂಡಿನೋವನ್ನು ನೆನಪಿಟ್ಟುಕೊಂಡದ್ದು ಕುರ್ಚಿಯಂತೆ."

"ಹಾಗಾದರೆ ನನ್ನ ಮಗುವಿನ ಕೆಮ್ಮು?" ಎಂದ ಚಮ್ಮಾರನೊಬ್ಬ.

"ಅದೂ ಕುರ್ಚಿಯೇ."

ಚೌಕವೆಲ್ಲ ಗೊಳ್ಳೆಂದಿತು. ಒಬ್ಬೊಬ್ಬರೇ ಅಲ್ಲಿಂದ ಹೊರಡತೊಡಗಿದರು. ಟರ್ಪಿಲಿಯಸ್ ಬೆದರಿದ.

"ಏನು ಬೇಕು ಹೇಳು, ಬೇಗ!"

"ಬಿಡುಗಡೆ."

ನ್ಯಾಯಾಧಿಕಾರಿ ಅಲ್ಲೇ ಇದ್ದ. ತಲೆಗೆ ಮುಟ್ಟಿಸಿದರೆ ಗುಲಾಮ ಸ್ವತಂತ್ರನಾಗುವ ಬಿಡುಗಡೆಯ ಕೋಲನ್ನು ತರಿಸಿದ. "ಯಾರನ್ನು ಬಿಡುಗಡೆ ಮಾಡುತ್ತೀರಿ? ಹೆಸರು ಹೇಳಿ."

ಟರ್ಪಿಲಿಯಸ್ ಮತ್ತೆ ಕಿವಿಯನ್ನು ಹಿಂದಕ್ಕೆ ವಾಲಿಸಿದ.

ಗುಲಾಮ ನಿಟ್ಟುಸಿರಿಟ್ಟು ಬೆನ್ನ ಹಿಂದೆ ಹೋಗಿ ಉಸುರಿದ: "ಲೈಕಸ್."

"ಲೈಕಸ್!" ಎಂದು ಟರ್ಪಿಲಿಯಸ್ ಕೂಗಿದ. ಕೋಲು ಲೈಕಸನ ತಲೆಯನ್ನು ಮುಟ್ಟಿತು.

ಟರ್ಪಿಲಿಯಸ್ ಕೂಡಲೇ ಅವನ ಹೆಗಲ ಮೇಲೆ ಕೈ ಹಾಕಿದ. "ಲೈಕಸ್, ನನ್ನಪ್ಪಾ, ಈಗ ನಿನಗೂ ಓಟಿದೆ. ನನಗೇ ತಾನೆ?"

"ಇಲ್ಲ ಸ್ವಾಮಿ. ನಿಮ್ಮ ಎದುರಾಳಿಗೆ."

"ಆ ಕಳ್ಳ ನಿನಗೆ ಎಷ್ಟು ಕೊಟ್ಟ?"

"ಒಂದು ಕಾಸೂ ಕೊಡಲಿಲ್ಲ. ಮೊನ್ನೆ ಕಾರಂಜಿಯ ಹತ್ತಿರ ಸಿಕ್ಕರು. ನಿನ್ನ ಹೆಸರೇನಪ್ಪಾ ಅಂತ ಕೇಳಿದರು."