ಅಮೋನಿಯಾದೊಳಗೆ ಸೇರಿದ ಗಾಳಿ

ಕರಾವಳಿಯ ಒಂದು ಬಂದರಿನಲ್ಲಿ ಇದ್ದದ್ದು ಒಂದೇ ಐಸ್ ಕಾರ್ಖಾನೆ. ಅದರ ಮಾಲೀಕ ದೇವಿದಾಸ. ಯಂತ್ರ ನೋಡಿಕೊಳ್ಳುವವನು ಬಸ್ತ್ಯಾಂವ. ಯಂತ್ರದ ಕೊಳವೆಗಳಲ್ಲಿ ಅಮೋನಿಯಾ ಸುತ್ತುತ್ತಿತ್ತು. ನೀರು ಐಸ್ ಆಗುತ್ತಿದ್ದದ್ದು ಅದರಿಂದಲೇ.

ಒಮ್ಮೆ ಮೂರು ದಿನವಾದರೂ ಐಸ್ ಗಟ್ಟಿಯಾಗಲಿಲ್ಲ. ಮರುದಿನ ದೋಣಿಗಳು ಬರುವುದಿತ್ತು. ಐಸ್ ಇಲ್ಲದಿದ್ದರೆ ಮೀನೆಲ್ಲ ಕೊಳೆಯುತ್ತದೆ. ಮೀನು ಮಾರುವ ಗುಲಾಬಿ ಬೆಳಿಗ್ಗೆಯೇ ಬಾಗಿಲಿಗೆ ಬಂದಳು.

"ದೇವಿದಾಸಣ್ಣ, ಇದು ಐಸೋ ಮಜ್ಜಿಗೆಯೋ? ಲೋಟ ತರಲಾ?"

ದೇವಿದಾಸನಿಗೆ ಸಿಟ್ಟು ಬಂತು. "ಬಸ್ತ್ಯಾಂವ, ಅಮೋನಿಯಾ ಗ್ಯಾಸ್ ಕಮ್ಮಿಯಾಗಿದೆ. ಇನ್ನೊಂದು ಸಿಲಿಂಡರ್ ತುಂಬು."

"ಕಮ್ಮಿಯಾಗಿಲ್ಲ ಸಾವ್ಕಾರ್ರೆ, ಒಳಗೆ ಗಾಳಿ ಸೇರಿದೆ. ಹೋದ ವಾರ ವಾಲ್ವ್ ರಿಪೇರಿಯಾದಾಗ ಗಾಳಿ ತೆಗೆದು ಶುರು ಮಾಡುವಾ ಅಂದೆ. ತಡವಾಯಿತು ಅಂತ ನೀವೇ ಸ್ವಿಚ್ ಹಾಕಿದಿರಿ. ಈಗ ಒಂಚೂರು ಗಾಳಿ ಅಮೋನಿಯಾದಲ್ಲೇ ಕರಗಿ ಸುತ್ತುತ್ತಿದೆ. ಉಳಿದದ್ದು ಕೆಲಸ ಮಾಡದೆ ಜಾಗ ಹಿಡಿದು ಕೂತಿದೆ. ಮೆಷಿನ್ ನಿಲ್ಲಿಸಿ ಹೊರಗೆ ಬಿಡಬೇಕು."

"ಇವತ್ತು ನಿಲ್ಲಿಸುವುದಾ? ನಿಲ್ಲಿಸಿದರೆ ನಾಳೆಯಿಂದ ನೀನು ಬರುವುದೇ ಬೇಡ!"

"ಬೇಡ ಅಂದರೆ ಬರುವುದಿಲ್ಲ. ಆದರೆ ಗ್ಯಾಸ್ ಮಾತ್ರ ತುಂಬುವುದಿಲ್ಲ. ಒತ್ತಡದ ಮುಳ್ಳು ನೋಡಿ, ಕೆಂಪು ಗೆರೆ ಮುಟ್ಟಿದೆ. ಪೈಪ್ ಒಡೆದು ಈ ವಿಷದ ಗ್ಯಾಸ್ ಹೊರಗೆ ಬಂದರೆ ಗುಲಾಬಕ್ಕನಿಗೆ ಓಡುವಷ್ಟೂ ಹೊತ್ತು ಸಿಗುವುದಿಲ್ಲ."

ದೇವಿದಾಸ ಮುಳ್ಳು ನೋಡಿದ. ಗುಲಾಬಿಯನ್ನು ನೋಡಿದ. ತಾನೇ ಹೋಗಿ ಸ್ವಿಚ್ ಆರಿಸಿದ.

ಬಸ್ತ್ಯಾಂವ ತೆಳು ಪೈಪಿನ ತುದಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ವಾಲ್ವನ್ನು ಚೂರೇ ತೆರೆದ. ಗುಳುಗುಳು ಗುಳ್ಳೆ ಎದ್ದವು. "ಅಮೋನಿಯಾ ಆದರೆ ನೀರಿನಲ್ಲಿ ಕರಗುತ್ತದೆ. ಮೇಲೆ ಬರುವುದೆಲ್ಲ ಗಾಳಿ" ಎಂದ. ದೇವಿದಾಸ ನಾಲ್ಕು ಸಲ "ಸಾಕಲ್ಲವಾ?" ಎಂದು ಕೇಳಿದ. ಬಸ್ತ್ಯಾಂವ ಗುಳ್ಳೆಗಳನ್ನೇ ನೋಡುತ್ತ ಕೂತ. ಎರಡು ಗಂಟೆಯ ಮೇಲೆ ಗುಳ್ಳೆ ನಿಂತಿತು, ಬರೀ ಅಮೋನಿಯಾ ಬಂದು ಕರಗುತ್ತ ನೀರು ಚಟಚಟ ಅಂದಿತು. ಆಗ ವಾಲ್ವ್ ಮುಚ್ಚಿ ಯಂತ್ರವನ್ನು ಮತ್ತೆ ಶುರು ಮಾಡಿದ.

ಮರುದಿನ ದೋಣಿಗಳು ಬಂದವು. ಐಸ್ ಗಡ್ಡೆಗಳು ಕಲ್ಲಿನ ಹಾಗೆ ಆಗಿದ್ದವು. ಗುಲಾಬಿ ತನ್ನ ಬುಟ್ಟಿಯಿಂದ ದೊಡ್ಡ ಬಂಗಡೆ ಎರಡನ್ನು ಆರಿಸಿ ಬಸ್ತ್ಯಾಂವನ ಕೈಗಿಟ್ಟಳು.

"ಸಾವ್ಕಾರರಿಗೆ ಇಲ್ಲವಾ?" ಎಂದು ಅವನು ನಕ್ಕ.

"ನನಗೆ ಬೇಡ ಮಾರಾಯ" ಎಂದ ದೇವಿದಾಸ. "ನಿನ್ನೆ ನೀನು ಹೆದರಿ ಹೂಂ ಅಂದಿದ್ದರೆ, ಇವತ್ತು ಇವರೆಲ್ಲರ ಮುಖ ನೋಡಲು ನಾನೇ ಇರುತ್ತಿರಲಿಲ್ಲ. ನಿನ್ನ ಉಪಕಾರ ದೊಡ್ಡದು." ಹಾಗೆಂದು ಎಲ್ಲರ ಎದುರಿಗೇ ಅವನಿಗೆ ಕೈ ಮುಗಿದ.

ನೀತಿ: ಕೆಲಸ ಕೆಟ್ಟಾಗ ಇನ್ನಷ್ಟು ತುಂಬುವ ಮೊದಲು, ಒಳಗೆ ಬೇಡದ್ದೇನು ಸೇರಿದೆ ಎಂದು ನೋಡಬೇಕು. ಅದನ್ನು ಮುಖಕ್ಕೆ ಹೇಳುವವರಿಗೆ ಕೃತಜ್ಞರಾಗಿರಬೇಕು. ಹೂಂ ಎಂದು ತಲೆಯಾಡಿಸುವವರು ಬೇಕಾದಷ್ಟು ಜನ ಸಿಗುತ್ತಾರೆ.