ಕತ್ತಿಗೆ ಬಗ್ಗದ ಎಳೆಗೂದಲು

ಎಲ್ಲರ ಕೈಯಲ್ಲೂ ಅಕ್ಷತೆ ಇದೆಯಷ್ಟೆ? ಹಾಗಾದರೆ ಬತ್ತಿಯನ್ನೊಮ್ಮೆ ಮುಂದಕ್ಕೆ ಸರಿಸಿ, ಮಕ್ಕಳನ್ನು ಮಡಿಲಿಗೆ ಎಳೆದುಕೊಂಡು, ಮುಡಿಗೌರಿಯ ಮಹಿಮೆಯನ್ನು ಕಿವಿಗೊಟ್ಟು ಕೇಳುವಂಥವರಾಗಿರಿ.

ಪೂರ್ವದಲ್ಲಿ ಹೊಳೆಯ ದಂಡೆಯ ಮೇಲೆ ಮಣಿಗಿರಿಯೆಂಬ ಪಟ್ಟಣವಿದ್ದಿತು. ಆ ಪಟ್ಟಣದ ನಾಯಕನ ಅರಮನೆಯಲ್ಲಿ ಹೊನ್ನಾಂಬೆಯೆಂಬ ಸೊಸೆಯಿದ್ದಳು. ಅವಳು ತಾಯಿಯಿಲ್ಲದೆ ಬೆಳೆದವಳು. ತವರೆಂದರೆ ಹೊಳೆಯ ಮರಳಿನಲ್ಲಿ ಕರಬೂಜದ ಬಳ್ಳಿ ಹಬ್ಬಿಸಿ ಬದುಕುವ ಅಣ್ಣ ಚಿಕ್ಕೀರಣ್ಣನೊಬ್ಬನೇ. ಸೊಸೆಯ ರೂಪಕ್ಕೆ ಮರುಳಾಗಿ ಅವಳನ್ನು ಮನೆತುಂಬಿಸಿಕೊಂಡ ಅತ್ತೆ ದೊಡ್ಡಮ್ಮಣ್ಣಿಯು, ರೂಪದ ಹಿಂದೆ ಇಂಥ ಒಬ್ಬ ಅಣ್ಣನೂ ಇದ್ದಾನೆಂಬುದನ್ನು ಎಂದೂ ಕ್ಷಮಿಸಲಿಲ್ಲ. ಗಂಡನೂ ಇದ್ದನು. ಇದ್ದನೆಂಬುದಕ್ಕಿಂತ ಹೆಚ್ಚಾಗಿ ಅವನ ವಿಷಯದಲ್ಲಿ ಹೇಳತಕ್ಕದ್ದೇನೂ ಇಲ್ಲ.

ಆರು ವರ್ಷ ಮಕ್ಕಳಾಗದಿರಲು, ಹೊನ್ನಾಂಬೆಯು ಹೊಳೆದಂಡೆಯ ಮುಡಿಗೌರಿಗೆ ಕೈಮುಗಿದು, ನನ್ನ ಮಡಿಲು ತುಂಬಿಸಿದರೆ ಮೂರನೆಯ ವರ್ಷದಲ್ಲಿ ಮಗುವಿನ ಎಳೆಮುಡಿಯನ್ನು ಸೋದರಮಾವನ ತೊಡೆಯ ಮೇಲೆ ತೆಗೆಸಿ ನಿನಗೆ ಒಪ್ಪಿಸುವೆನೆಂದು ಹರಕೆ ಹೊತ್ತು, ವರ್ಷ ತುಂಬುವುದರೊಳಗೆ ಗಂಡುಮಗುವನ್ನು ಹೆತ್ತಳು. ಆ ಮಗುವನ್ನು ಎಲ್ಲರೂ ಪುಟ್ಟಯ್ಯನೆಂದು ಕರೆದರು.

ಜವಳವೆಂದರೆ ಕತ್ತಿ ತಂದು ಬೋಳಿಸುವುದಲ್ಲ. ಅದಕ್ಕೊಂದು ಕ್ರಮವುಂಟು. ಒಂಬತ್ತು ಸಂಜೆ ಮೊದಲಿನಿಂದಲೇ ತಾಯಾದವಳು ಮಗುವನ್ನು ಮಡಿಲಲ್ಲಿಟ್ಟುಕೊಂಡು, ನೆತ್ತಿಗೆ ಬೆಚ್ಚನೆಯ ಎಣ್ಣೆ ಹಚ್ಚಿ, ಹಾಲು ಕುಡಿಸುವ ಬೆಳ್ಳಿಯ ಒಳಲೆಯ ಹಿಂಬದಿಯನ್ನು ತಲೆಯ ಮೇಲೆ ಮೆಲ್ಲಗೆ ಎಳೆದು, ಲೋಹದ ತಂಪಿಗೆ ಮಗುವನ್ನು ಒಗ್ಗಿಸಬೇಕು. ಆಮೇಲೆ ಸೋದರಮಾವನ ತೊಡೆಯ ಮೇಲೆ ಒಂದು ಜೊಂಪು ನಿದ್ದೆ ಮಾಡಿಸಬೇಕು. ಹೀಗೆ ಮಾಡಿದರೆ ಮಗುವು ಹೆದರದು, ಕತ್ತಿಯು ತಪ್ಪದು.

ಮೂರನೆಯ ವರ್ಷ ಬರಲು, ಮೊದಲನೆಯ ಸಂಜೆ ಚಿಕ್ಕೀರಣ್ಣನು ಒಗೆದ ಪಂಚೆಯುಟ್ಟು, ತಲೆಯ ಮೇಲೆ ಕರಬೂಜದ ಬುಟ್ಟಿ ಹೊತ್ತು, ಅಳಿಯನಿಗೆಂದು ಬಿಳಿಯ ಟೊಪ್ಪಿಗೆಯೊಂದನ್ನು ಹೊಲಿಸಿಕೊಂಡು ಅರಮನೆಯ ಬಾಗಿಲಿಗೆ ಬಂದನು. ದೊಡ್ಡಮ್ಮಣ್ಣಿಯು ಉಪ್ಪರಿಗೆಯಿಂದಲೇ ನೋಡಿ, "ಹಣ್ಣಿನವನನ್ನು ಹಿತ್ತಲ ಕಡೆ ಕಳಿಸಿ" ಎಂದಳು. ಬಂದವರು ಅಣ್ಣಯ್ಯನೆಂದು ಹೊನ್ನಾಂಬೆಯು ತಿಳಿಸಲು, "ಗೊತ್ತಮ್ಮ, ಗೊತ್ತು. ಅವನ ತೊಡೆ ಮೇಲೆ ಕೂತರೆ ನನ್ನ ಮೊಮ್ಮಗನ ಪೀತಾಂಬರಕ್ಕೆ ಮರಳು ಹತ್ತುತ್ತೆ. ನನ್ನ ತಮ್ಮ ದಳವಾಯಿ ಇದ್ದಾನಲ್ಲ, ಅವನೇ ಕೂರಿಸಿಕೊಳ್ತಾನೆ" ಎಂದಳು. ದಳವಾಯಿಯು ಸೋದರಮಾವನೇನೋ ಹೌದು, ಆದರೆ ಮಗುವಿಗಲ್ಲ, ಮಗುವಿನ ಅಪ್ಪನಿಗೆ. ಈ ಮಾತು ಹೊನ್ನಾಂಬೆಯ ನಾಲಗೆಯ ತುದಿಗೆ ಬಂದಿತು. ಅವಳು ಅದನ್ನು ನುಂಗಿ, "ಆಗಲಿ ಅತ್ತೆ" ಎಂದಳು. ಚಿಕ್ಕೀರಣ್ಣನು ಬುಟ್ಟಿಯನ್ನು ಬಾಗಿಲಲ್ಲಿಟ್ಟು, ಟೊಪ್ಪಿಗೆಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಹಿಂತಿರುಗಿದನು. ಅವಳು ಕಿಟಕಿಯ ಸರಳು ಹಿಡಿದು ಅವನ ಬೆನ್ನನ್ನೇ ನೋಡಿದಳು. ಅಳು ಬರಲಿಲ್ಲ. ಅಳುವಿಗಿಂತ ಬಿಸಿಯಾದದ್ದೊಂದು ಬಂದು ಎದೆಯೊಳಗೆ ಕೂತಿತು.

ಇಲ್ಲಿಗೆ ವ್ರತವು ಕೆಟ್ಟಿತು. ಅಣ್ಣನು ಹೋದದ್ದರಿಂದ ಕೆಟ್ಟಿತೆಂದುಕೊಂಡೀರಿ. ಅಲ್ಲ. ಹೇಗೆಂಬುದನ್ನು ಕೇಳಿ.

ಒಂಬತ್ತು ಸಂಜೆಯೂ ಹೊನ್ನಾಂಬೆಯು ಎಣ್ಣೆ ಕಾಯಿಸಿದಳು, ಒಳಲೆ ಹಿಡಿದಳು, ಜೋಗುಳ ಹಾಡಿದಳು. ಆದರೆ ಮಡಿಲಿಗೆ ಹಾಕಿಕೊಂಡೊಡನೆ ಮಗುವು ಬೆಚ್ಚಿ, ಕಿರುಚಿ, ಕೈಕಾಲು ಬಡಿದು ಕೆಳಗಿಳಿಯಿತು. ಬೆರಳು ಸೋಕಿದರೆ ತಲೆ ಕೊಡವಿತು. ಅತ್ತೆಯು, "ಹೆತ್ತವಳಿಗೇ ಮಗು ಹಿಡಿಯೋಕೆ ಬರಲ್ಲ" ಎಂದಳು. ಹೊನ್ನಾಂಬೆಯು ಅದನ್ನೂ ನುಂಗಿದಳು. ಎದೆಯೊಳಗೆ ಅದಕ್ಕೂ ಜಾಗವಾಯಿತು.

ಜವಳದ ದಿನ ವಾಲಗ ಊದಿತು, ಚಪ್ಪರ ತುಂಬಿತು. ದಳವಾಯಿಯು ಮೈತುಂಬ ಜರಿಯ ಅಂಗಿ ತೊಟ್ಟು ಮಣೆಯ ಮೇಲೆ ಕೂತು, ಕುದುರೆಯ ಲಗಾಮನ್ನು ಹಿಡಿಯುವಂತೆ ಮಗುವನ್ನು ಹಿಡಿದನು. ಕ್ಷೌರಿಕನಾದ ಮುತ್ತಯ್ಯನು ತಲೆಗೆ ನೀರು ಹಚ್ಚಿ ಕತ್ತಿಯಿಟ್ಟರೆ, ಆ ಎಳೆಗೂದಲು ಹುರಿಗೊಂಡ ತಂತಿಯಂತೆ ನಿಂತಿತು. ಸಾಣೆಕಲ್ಲಿಗೆ ಮಸೆದು ತಂದರೂ ಕಚ್ಚಲಿಲ್ಲ. ಎರಡನೆಯ ಕತ್ತಿಯು ಜಾರಿ ಕಿವಿಯ ಹಿಂದೆ ನೆತ್ತರು ತಂದಿತು. ದೊಡ್ಡಮ್ಮಣ್ಣಿಯು ಮುತ್ತಯ್ಯನ ಮೇಲೆ ಹರಿಹಾಯಲು ಅವನು ಕತ್ತಿಯನ್ನು ಮಡಿಸಿಟ್ಟು, "ನಲವತ್ತು ವರ್ಷದಿಂದ ಈ ಊರಿನ ತಲೆಯೆಲ್ಲಾ ನನ್ನ ಕೈಯಲ್ಲೇ ಆಗಿದೆ ಅಮ್ಮಣ್ಣಿ. ಮಗೀನ ಮೈ ಬಿಲ್ಲಿನ ಹಾಗೆ ಬಿಗಿದಿದೆ. ನಾನು ಮುಟ್ಟಲಾರೆ" ಎಂದು ಎದ್ದುಹೋದನು.

ಆಮೇಲೆ ಮಗುವಿಗೆ ಜ್ವರ ಹತ್ತಿತು. ಬಾಚಲು ಬಿಡದೆ ಕೂದಲು ಗಂಟುಗಟ್ಟಿತು. ತುತ್ತು ಕೊಟ್ಟರೆ ಬಾಯಿ ತಿರುಗಿಸಿತು. ಏಳು ದಿನದಲ್ಲಿ ತೋಳಿನ ಬಳೆಗಳು ಸಡಿಲವಾದವು. ಶಾಂತಿಯೆಂದರು, ತಾಯಿತವೆಂದರು, ತಾಯಿಯ ಕಾಲ್ಗುಣವೆಂದರು.

ಎಂಟನೆಯ ದಿನ ಹೊನ್ನಾಂಬೆಯು ಯಾರನ್ನೂ ಕೇಳದೆ ಮಗುವನ್ನೆತ್ತಿಕೊಂಡು ಮುಡಿಗೌರಿಯ ಗುಡಿಗೆ ಹೋದಳು. ಅಲ್ಲಿ ತನಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ ದ್ಯಾವಮ್ಮನು ಕಂಬಕ್ಕೊರಗಿ ಕೂತಿದ್ದಳು. ಅವಳು ಕೈಚಾಚಿ ಮಗುವನ್ನು ತೊಡೆಗೆ ಹಾಕಿಕೊಂಡು ಅಂಗೈಯಿಂದ ಎಣ್ಣೆ ಸವರಲು, ಎಂಟು ದಿನ ಕಣ್ಣು ಮುಚ್ಚದ ಮಗುವು ನಿದ್ದೆ ಹೋಯಿತು. ತಾಯಿಯ ಮಡಿಲಿಗೆ ಹಾಕಿದೊಡನೆ ಚೀರಿ ಎದ್ದಿತು. ಮೂರು ಸಲ ಹಾಗೆಯೇ ಆಯಿತು.

"ಇದೇನವ್ವಾ, ಮಡಿಲೋ ಕಾದ ಹೆಂಚೋ? ಯಾರ ಮೇಲಿನ ಸಿಟ್ಟು?"

"ನನಗ್ಯಾತರ ಸಿಟ್ಟಜ್ಜಿ?"

"ನನ್ನ ಮುಂದೆ ಸುಳ್ಳು ಹೇಳಬೇಡ. ಹೆರುವಾಗ ನಿನ್ನ ಗಂಡನ್ನ ಏನೇನು ಬೈದೆ ಅಂತ ಕೇಳಿಸಿಕೊಂಡವಳು ನಾನು."

ಹೊನ್ನಾಂಬೆಯು ತಲೆ ತಗ್ಗಿಸಲು, ಮುದುಕಿಯು ವ್ರತದ ಮರೆತುಹೋದ ವಿಧಿಯನ್ನು ಹೇಳಿದಳು: ನುಂಗಿದ ಸಿಟ್ಟು ಎದೆಯಲ್ಲಿ ನಿಲ್ಲದು, ಬೆರಳಿಗಿಳಿಯುವುದು, ಅಂಥ ಬೆರಳಿಂದ ಎಳೆಮುಡಿಯನ್ನು ಮುಟ್ಟಬಾರದು. ಅದನ್ನು ಹೊಳೆಗೆ ಬಿಡಕೂಡದು, ದೇವರ ಪಾದಕ್ಕೂ ಸುರಿಯಕೂಡದು. ಯಾರದೋ ಅವರಿಗೇ, ಹಗಲು ಹೊತ್ತಿನಲ್ಲಿ, ನಡುಮನೆಯಲ್ಲಿ ನಿಂತು, ಒಂದು ಮಾತು ಉಳಿಯದಂತೆ ಒಪ್ಪಿಸಿ, ಕೈತೊಳೆದು, ಆಮೇಲೆ ಮಗುವನ್ನು ಮುಟ್ಟಬೇಕು.

ಹೊನ್ನಾಂಬೆಯು ನೆಟ್ಟಗೆ ಮನೆಗೆ ಬಂದಳು. ಎಲೆ ಹಾಕಿ ಎಲ್ಲರೂ ಊಟಕ್ಕೆ ಕೂತಿದ್ದರು. ಮಗುವನ್ನು ಕಂಬದ ಬಳಿ ಕೂರಿಸಿ, ಸೆರಗನ್ನು ಸೊಂಟಕ್ಕೆ ಕಟ್ಟಿ, ಅತ್ತೆಯ ಎಲೆಯ ಮುಂದೆ ನಿಂತಳು.

"ಅತ್ತೆ, ನನಗೆ ಎರಡು ವರ್ಷ ಆಗಿದ್ದಾಗ ತಾಯಿ ಹೋದಳು. ನನ್ನ ತಲೆ ಬಾಚಿದ್ದು ಅಣ್ಣಯ್ಯ. ಹೇನು ಹೆಕ್ಕಿದ್ದು ಅಣ್ಣಯ್ಯ. ನೀವು ಮೆಚ್ಚಿ ಮೊಳ ಹಾಕಿ ಅಳೆದು ನೋಡಿದಿರಲ್ಲ, ಈ ಜಡೆ, ಅದು ಬೆಳೆದದ್ದು ಅವನ ತೊಡೆ ಮೇಲೆ. ಅದೇ ಮರಳಿನಲ್ಲಿ. ಆ ತೊಡೆಯಿಂದ ಎಬ್ಬಿಸಿ ನನ್ನನ್ನು ಕರಕೊಂಡು ಬರುವಾಗ ನಿಮಗೆ ಮರಳು ಕಾಣಲಿಲ್ಲ. ನಾನು ಕೂತು ಬೆಳೆದ ಜಾಗ ನನ್ನ ಮಗನಿಗೆ ಕೊಳಕಾಯಿತೆ?"

"ಮುಗೀತೇನಮ್ಮ?" ಎಂದಳು ದೊಡ್ಡಮ್ಮಣ್ಣಿ.

"ಇಲ್ಲ. ಅವನನ್ನು ಹಿತ್ತಲಿಗೆ ಅಟ್ಟಿ, ಅವನು ಇಟ್ಟುಹೋದ ಹಣ್ಣನ್ನು ಬೆಲ್ಲ ಹಾಕಿ ತಿಂದಿರಿ. ಹಣ್ಣಿಗೆ ಮರಳು ಹತ್ತಿರಲಿಲ್ಲವೆ? ಮತ್ತೆ ನೀವು," ಎಂದು ಗಂಡನ ಕಡೆ ತಿರುಗಿದಳು, "ಆವತ್ತೂ ಸಾರನ್ನೇ ನೋಡುತ್ತಿದ್ದಿರಿ, ಇವತ್ತೂ ಸಾರನ್ನೇ ನೋಡುತ್ತಿದ್ದೀರಿ. ಅದರಲ್ಲಿ ಅಂಥಾದ್ದೇನಿದೆ?"

ಇಷ್ಟನ್ನು ಹೇಳಿ ಚೊಂಬಿನ ನೀರಿನಲ್ಲಿ ಕೈ ತೊಳೆದು ಕೂತಳು. ಆಗ ಮಗುವು ತಾನಾಗಿ ಎದ್ದು ನಡೆದು ಬಂದು, ತಾಯಿಯ ಮಡಿಲಲ್ಲಿ ತಲೆಯಿಟ್ಟು, ಎಲ್ಲರೂ ನೋಡುತ್ತಿರಲು ನಿದ್ದೆ ಹೋಯಿತು.

ದೊಡ್ಡಮ್ಮಣ್ಣಿಯು ಬಹಳ ಹೊತ್ತು ಮಗುವನ್ನು ನೋಡಿ, ಎಲೆಯನ್ನು ಮಡಿಸಿ, ಪಲ್ಲಕ್ಕಿ ಕಳಿಸಿ ಚಿಕ್ಕೀರಣ್ಣನನ್ನು ಕರೆಸಿರೆಂದಳು. ಹೊನ್ನಾಂಬೆಯು, "ಪಲ್ಲಕ್ಕಿ ಹೋಗಿ ಕರೆದರೆ ಅವನು ಬರುವುದಿಲ್ಲ ಅತ್ತೆ" ಎಂದಳು. ಆಗ ಆ ಹೆಂಗಸು ನೆತ್ತಿ ಸುಡುವ ಬಿಸಿಲಿನಲ್ಲಿ, ಜನ್ಮದಲ್ಲಿ ಮೊದಲ ಬಾರಿಗೆ ಮರಳಿನ ಮೇಲೆ ಕಾಲಿಟ್ಟು, ಬಳ್ಳಿ ದಾಟಿ ದಾಟಿ ನಡೆದುಹೋಗಿ ಚಿಕ್ಕೀರಣ್ಣನನ್ನು ಕರೆದಳು. ಅವನಿಗೂ ಸಿಟ್ಟು ಇದ್ದಿತು. "ಒಂಬತ್ತು ಸಂಜೆ ಮಗು ನನ್ನ ತೊಡೆ ಮೇಲೆ ಮಲಗಬೇಕು. ಅರಮನೆಯಲ್ಲಲ್ಲ, ಇಲ್ಲಿ" ಎಂದನು. ಒಪ್ಪಿದಳು.

ಹಾಗೆ ಒಂಬತ್ತು ಸಂಜೆ ಎಣ್ಣೆಯಾಗಿ, ಒಳಲೆಯಾಗಿ, ನಿದ್ದೆಯಾಗಿ, ಹತ್ತನೆಯ ಬೆಳಗ್ಗೆ ಮುತ್ತಯ್ಯನು ಕತ್ತಿಯಿಡಲು, ಕರಬೂಜದ ಹೋಳು ಕಚ್ಚುತ್ತ ಕೂತ ಮಗುವಿನ ಮುಡಿಯು ಬೆಣ್ಣೆಯಂತೆ ಜಾರಿತು. ಬೋಳುತಲೆಗೆ ಗಂಧ ಹಚ್ಚಿ, ಮಾವನ ಬಿಳಿಯ ಟೊಪ್ಪಿಗೆ ತೊಡಿಸಿದರು. ಮುಡಿಯನ್ನು ಒಪ್ಪಿಸಿ, ಹೊನ್ನಾಂಬೆಯು ದ್ಯಾವಮ್ಮನಿಗೆ ಸೀರೆ ಕೊಡಹೋದರೆ, ಅವಳು ಆ ಎಂಟನೆಯ ದಿನ ತಾನು ಗುಡಿಯಲ್ಲಿರದೆ ಪಕ್ಕದೂರಿನ ಹೆರಿಗೆಗೆ ಹೋಗಿದ್ದೆನೆಂದಳು. ಗುಡಿಯೊಳಗೆ ಹೋಗಿ ನೋಡಲಾಗಿ, ಗೌರಿಯ ಕಲ್ಲಿನ ತೊಡೆಯ ಮೇಲೆ ಎಣ್ಣೆಯ ಕಲೆ, ಅದಕ್ಕಂಟಿದ ಒಂದೆಳೆ ಕೂದಲು.

ಪುಟ್ಟಯ್ಯನು ಬೆಳೆದು ಊರನ್ನಾಳಿ ಸುಖದಿಂದಿದ್ದನು. ಈ ಕ್ರಮದಲ್ಲಿ ನಡೆಸಿದವರ ಮಕ್ಕಳ ತಲೆಯು ತಂಪಾಗಿರುವುದು. ಓದಿದವರಿಗೂ ಕೇಳಿದವರಿಗೂ ಹೊನ್ನಾಂಬೆಗೆ ದೊರೆತ ಫಲವೇ ದೊರೆಯುವುದು. ಈಗ ಅಕ್ಷತೆಯನ್ನು ದೇವಿಯ ಮೇಲೆ ಹಾಕಿ. ಹಾಕಿ, ಯಾರಿಗಾದರೂ ಒಪ್ಪಿಸಬೇಕಾದದ್ದು ಉಳಿದಿದ್ದರೆ, ಎಲೆ ಹಾಕುವ ಮುಂಚೆ ಒಪ್ಪಿಸಿ ಬಂದು ಕೈತೊಳೆಯಿರಿ. ಮಕ್ಕಳನ್ನು ಅಲ್ಲಿಯವರೆಗೆ ನಾನು ಹಿಡಿದುಕೊಂಡಿರುತ್ತೇನೆ.