ಮುರಿಗೆಮ್ಮ ತಾಯಿಯವರ ಬಣ್ಣದ ಹಂಡೆ

ಈ ಪ್ರಸಂಗವನ್ನು ನನಗೆ ಮೊದಲು ಹೇಳಿದವರು ನಮ್ಮ ಸೋದರತ್ತೆ ನಾಗಲಿಂಗವ್ವ. ಮಲಪ್ರಭೆಯ ದಂಡೆಯ ಹಿರೇನೂಲಿ ಎಂಬ ನೇಕಾರರ ಊರಿಗೆ ಸೊಸೆಯಾಗಿ ಹೋದವರು ಅವರು. ಮುರಿಗೆಮ್ಮ ತಾಯಿಯವರನ್ನು ಕಣ್ಣಾರೆ ಕಂಡವರು. ತಾಯಿಯವರ ಹೆಸರಿಗೆ ಊರಿನವರು ಪವಾಡಗಳನ್ನೂ ಸಾಕಷ್ಟು ಸೇರಿಸಿದ್ದಾರೆ. ಬತ್ತಿದ ಬಾವಿಯಲ್ಲಿ ನೀರು ಉಕ್ಕಿಸಿದ್ದು, ಹಾವನ್ನು ಹೆಸರು ಹಿಡಿದು ಕರೆದದ್ದು. ಅಂಥವನ್ನು ಕೇಳುವಾಗ ನಾನು ಮೆಲ್ಲಗೆ ಚಹಾ ಮಾಡಲು ಏಳುತ್ತೇನೆ. ಈ ಸೀರೆಗಳ ಸಂಗತಿ ಬಂದಾಗ ಮಾತ್ರ ಮತ್ತೆ ಬಂದು ಕೂರುತ್ತೇನೆ.

ತಾಯಿಯವರು ಮಠ ಕಟ್ಟಲಿಲ್ಲ, ಗದ್ದುಗೆ ಏರಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗ್ಗ ನಿಂತುಹೋದ ಮನೆಯಲ್ಲಿಯೇ ಉಳಿದು, ಮಗ್ಗದ ಗುಂಡಿಯನ್ನು ಮುಚ್ಚಿಸಿ, ಅಲ್ಲಿ ದಿಕ್ಕಿಲ್ಲದ ರೋಗಿಗಳಿಗೆ ಹಾಸಿಗೆ ಹಾಸಿಕೊಟ್ಟರು. ಹುಣ್ಣು ತೊಳೆಯುವುದು, ಗಂಜಿ ಕುಡಿಸುವುದು, ಬಾಣಂತಿಯರಿಗೆ ಎಣ್ಣೆ ನೀರು ಹಾಕುವುದು, ಇದೇ ಅವರ ಪೂಜೆ. ಲಿಂಗಪೂಜೆಗೆ ಕುಳಿತಾಗ ಯಾರಾದರೂ ನರಳಿದರೆ, "ಸ್ವಲ್ಪ ತಡೀಯಪ್ಪಾ" ಎಂದು ಲಿಂಗಕ್ಕೆ ಹೇಳಿ ಏಳುತ್ತಿದ್ದರಂತೆ.

ಅವರ ಸೇವೆಯ ಕೀರ್ತಿ ಕೇಳಿ ಹುಬ್ಬಳ್ಳಿಯ ಬಟ್ಟೆ ವ್ಯಾಪಾರಿ ಕಾಡಪ್ಪ ಸಾವುಕಾರರು ದೀಪಾವಳಿಗೆ ಮುಂಚೆ ಬಡ ಹೆಂಗಸರಿಗಾಗಿ ಒಂದು ದಿಂಡು ಸೀರೆ ಕಳಿಸತೊಡಗಿದರು. ಒಳ್ಳೆಯ ನೂಲು, ಗಟ್ಟಿ ನೇಯ್ಗೆ. ಎಲ್ಲವೂ ತಿಳಿಹಸಿರು, ಎಲ್ಲಕ್ಕೂ ಒಂದೇ ಕೆಂಪು ಅಂಚು. ಮೊದಲ ವರ್ಷ ತಾಯಿಯವರು ಬಂದ ಹಾಗೆಯೇ ಹಂಚಿದರು. ಹಬ್ಬದ ಬೆಳಿಗ್ಗೆ ಹಸಿರು ಸೀರೆ ಉಟ್ಟು ಓಣಿಗೆ ಬಂದ ಹೆಂಗಸೊಬ್ಬಳನ್ನು ನೋಡಿ ಯಾರೋ, "ಬಂತು ನೋಡ್ರೆ, ಪುಕ್ಕಟೆ ಹಸಿರು!" ಎಂದು ನಕ್ಕರು. ಅಂದೇನೂ ಜಗಳವಾಗಲಿಲ್ಲ. ಆದರೆ ಮಧ್ಯಾಹ್ನದ ಹೊತ್ತಿಗೆ ಊರಿನಲ್ಲಿ ಒಂದೂ ಹಸಿರು ಸೀರೆ ಕಾಣಿಸಲಿಲ್ಲ. ಉಟ್ಟವರೆಲ್ಲ ಹಳೆಯ ಹರಕುಗಳನ್ನೇ ಸುತ್ತಿಕೊಂಡು ಒಳಗೆ ಕುಳಿತಿದ್ದರು.

ಮರುವರ್ಷ ಸಾವುಕಾರರು ಹಬ್ಬದ ದಿನ ಖುದ್ದಾಗಿ ಊರಿಗೆ ಬಂದರು. ಕೊಟ್ಟವರಿಗೆ ತಮ್ಮ ಸೀರೆ ಓಡಾಡುವುದನ್ನು ಕಾಣುವ ಆಸೆ ಇರುತ್ತದಲ್ಲ. ಓಣಿ ಓಣಿ ತಿರುಗಿದರು. ನೀಲಿ ಕಂಡಿತು, ಕಂದು ಕಂಡಿತು, ಗಿಳಿಹಸಿರು ಕಂಡಿತು, ತಮ್ಮ ತಿಳಿಹಸಿರು ಒಂದೂ ಕಾಣಲಿಲ್ಲ. ಅಲ್ಲಿಂದಲೇ ಹುಬ್ಬಳ್ಳಿಗೆ ಹೊರಟುಹೋದರು. ತಾಯಿ ಸೀರೆಗಳನ್ನು ಸಂತೆಯಲ್ಲಿ ಮಾರುತ್ತಾಳೆ ಎಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಯಾರೋ ಕಿವಿಯೂದಿದ್ದೂ ಸೇರಿಕೊಂಡು, ಮುಂದಿನ ವರ್ಷ ದಿಂಡು ಕಳಿಸಿದ ಬೆನ್ನಿಗೇ, ಹಬ್ಬ ಇನ್ನೂ ದೂರವಿರುವಾಗಲೇ, ಹೇಳದೆ ಕೇಳದೆ ಬಂದಿಳಿದರು. ಕೈಯಾರೆ ಹಿಡಿಯಬೇಕು, ಊರೆದುರು ಹೇಳಬೇಕು, ಸೀರೆ ನಿಲ್ಲಿಸಬೇಕು. ಇಷ್ಟು ನಿಶ್ಚಯ ಮಾಡಿಕೊಂಡೇ ಬಂದಿದ್ದರು.

ಮುಂಬಾಗಿಲಲ್ಲಿ ಯಾರೂ ಕಾಣದೆ ಹಿತ್ತಲಿಗೆ ಹೋದರು. ಅಲ್ಲಿ ಓಣಿಯವರೆಲ್ಲ ನೀರು ಸೇದುವ ಬಾವಿ. ಐದಾರು ಹೆಂಗಸರು ಕೊಡ ಹಿಡಿದು ನಿಂತಿದ್ದರು. ಅವರಲ್ಲಿ ಹಿಂದಿನ ವರ್ಷವಷ್ಟೇ ಸೊಸೆಯಾಗಿ ಬಂದಿದ್ದ ನಮ್ಮ ಅತ್ತೆಯೂ ಇದ್ದರು. ಬಾವಿಯ ಪಕ್ಕದಲ್ಲಿ ಒಲೆಯ ಮೇಲೆ ದೊಡ್ಡ ಹಂಡೆ ಕುದಿಯುತ್ತಿತ್ತು. ಮೊಣಕೈವರೆಗೆ ನೀಲಿಯಾದ ತಾಯಿಯವರು ಸಾವುಕಾರರ ಹೊಚ್ಚಹೊಸ ಸೀರೆಯನ್ನು ಕೋಲಿನಿಂದ ಅದರೊಳಗೆ ಮುಳುಗಿಸುತ್ತಿದ್ದರು. ನೇಕಾರರು ನೂಲಿಗೆ ಹಾಕಿ ಉಳಿಸಿದ ಬಣ್ಣದ ನೀರನ್ನು ತಾಯಿಯವರು ಕೇಳಿ ತರುತ್ತಿದ್ದರಂತೆ. ಆಗಲೇ ಬಣ್ಣ ಕುಡಿದ ಸೀರೆಗಳು ಬಂಡೆಯ ಮೇಲೆ ಏಟು ತಿಂದು, ಹೊಸತನ ಕಳೆದುಕೊಂಡು ಹಗ್ಗದ ಮೇಲೆ ಒಣಗುತ್ತಿದ್ದವು. ಒಂದೆರಡಕ್ಕೆ ಕೆಂಪು ಅಂಚು ಬಿಚ್ಚಿ ಬೇರೆ ಅಂಚು ಹೊಲಿದದ್ದೂ ಇತ್ತು.

"ಏನ್ ತಾಯಿ ಇದು! ಹೊಸಾ ಸೀರಿ ಹಿಂಗ ಹಾಳ ಮಾಡೋದೇನು?"

ತಾಯಿಯವರು ತಿರುಗಿ ನೋಡಿ ಸಂತೋಷಪಟ್ಟರು. "ಬರ್ರಿ ಸಾವುಕಾರ್ರ. ಕೈ ಬಣ್ಣ ಆಗ್ಯಾವ, ಶರಣು ಅನ್ನಾಕ ಬರಂಗಿಲ್ಲ. ಆ ತುದಿ ಒಂದೀಟ ಹಿಡೀರಿ, ಹಿಂಡೂಣು."

ಸಾವುಕಾರರು ಸಿಟ್ಟಿನಲ್ಲಿಯೂ ತುದಿ ಹಿಡಿದರು. ಬಟ್ಟೆಯ ವ್ಯಾಪಾರಿಗೆ ಸೀರೆ ನೆಲಕ್ಕೆ ತಾಗುವುದನ್ನು ನೋಡಲಾಗುವುದಿಲ್ಲ. ತಲೆಗೆ ರೇಷ್ಮೆ ರುಮಾಲು ಸುತ್ತಿದವರು ತಮ್ಮದೇ ಸೀರೆ ಹಿಂಡುತ್ತಾ, ಧೋತರದ ಮೇಲೆ ನೀಲಿ ಸುರಿಸಿಕೊಳ್ಳುತ್ತಾ ಕೇಳಿದರು: "ಹೋದ ದೀಪಾವಳಿಗೆ ಊರೆಲ್ಲಾ ತಿರುಗೀನಿ. ನನ್ನ ಸೀರಿ ಒಂದೂ ಕಾಣಲಿಲ್ಲ."

"ಒಂದೂ ಕಾಣಲಿಲ್ಲೇನು?"

"ಒಂದೂ ಇಲ್ಲ!"

"ಹಂಗಾರ ಬಣ್ಣ ಚಲೋ ಹತ್ತಿತ್ತು ಬಿಡ್ರಿ" ಎಂದರು ತಾಯಿಯವರು.

ಬಾವಿಯ ಕಡೆ ಯಾರೋ ಕಿಸಕ್ಕನೆ ನಕ್ಕರು. ಸಾವುಕಾರರ ಮುಖ ಕೆಂಪಾಯಿತು. ಸೀರೆಯನ್ನು ಹಗ್ಗದ ಮೇಲೆ ಒಗೆದು ದನಿ ಏರಿಸಿದರು.

"ಮಾತಿನಾಗ ತೇಲಿಸಬ್ಯಾಡ್ರಿ. ಮಾರ್ಕೊಂಡೀರಿ ಅಂತ ಮಂದಿ ಆಡಾಕತ್ತಾರ. ಖರೇನ ಕೊಟ್ಟಿದ್ರ ಒಬ್ಬಾಕಿ ಹೆಸರು ಹೇಳ್ರಿ. ಒಬ್ಬಾಕೀದು ಸಾಕು! ಇಲ್ಲಂದ್ರ ನೀವು ಕಳ್ಳಿ ಅಂತ ಇಲ್ಲೇ ನಿಂತು ಹೇಳಿ ಹೊಕ್ಕೀನಿ."

ಬಾವಿಯ ಹಗ್ಗ ಜಗ್ಗುವ ಸಪ್ಪಳ ನಿಂತಿತು. ತಾಯಿಯವರು ಕೋಲನ್ನು ಹಂಡೆಗೆ ಒರಗಿಸಿದರು.

"ಅನ್ರಿ ಸಾವುಕಾರ್ರ. ನನ್ನ ಹೆಸರು ತಡಕೋತೈತಿ. ಅವರ ಹೆಸರು ತಡಕೊಳ್ಳಂಗಿಲ್ಲ."

ಆಗ ಬಾವಿಯ ಬಳಿ ಒಬ್ಬ ಹೆಂಗಸು ಕೊಡ ಕೆಳಗಿಟ್ಟಳು. ಬಳೆಯ ಸದ್ದಾಯಿತು. "ಸಾವುಕಾರ್ರ, ನಾ..." ಎಂದು ಬಾಯಿ ತೆರೆದಳು. ತಾಯಿಯವರು ಆ ಕಡೆ ನೋಡಲೂ ಇಲ್ಲ.

"ನಿನ್ನ ಕೊಡ ತುಂಬೇತಿ. ಮನೀಗೆ ಹೋಗವ್ವಾ" ಎಂದರು.

ಕಾಡಪ್ಪನವರು ಬಾವಿಗೆ ಬೆನ್ನು ಮಾಡಿ ನಿಂತಿದ್ದರು. ಕತ್ತು ಒಂದಿಷ್ಟು ಹೊರಳಿಸಿದ್ದರೆ ಸಾಕಿತ್ತು. ಅವರು ಅಷ್ಟು ದೂರದಿಂದ ಹುಡುಕಿಕೊಂಡು ಬಂದ ಸಾಕ್ಷಿ ಅಲ್ಲಿಯೇ ಇತ್ತು. ಕತ್ತಿನ ನರ ಬಿಗಿದದ್ದನ್ನು ಅತ್ತೆ ನೋಡಿದರಂತೆ. ಆದರೆ ಸಾವುಕಾರರು ತಿರುಗಲಿಲ್ಲ. ಹೆಜ್ಜೆಯ ಸಪ್ಪಳ ಓಣಿಯಲ್ಲಿ ಅಡಗುವವರೆಗೂ ಹಂಡೆಯನ್ನೇ ನೋಡುತ್ತಾ ನಿಂತರು.

ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಅಲ್ಲ ತಾಯಿ, ಹಿಂಗಾದ್ರ ನಾ ಕೊಟ್ಟದ್ದು ಯಾರಿಗೂ ಗೊತ್ತಾಗಂಗಿಲ್ಲಲ್ಲ?" ಎಂದರು. ಹಿಂದಿನ ಗುಡುಗು ಅದರಲ್ಲಿರಲಿಲ್ಲ. ಆಟಿಕೆ ಕೈಬಿಟ್ಟ ಮಗುವಿನ ದನಿಯಂತಿತ್ತು ಎಂದು ಬಾವಿಯ ಬಳಿ ಉಳಿದವರು ಹೇಳುತ್ತಿದ್ದರಂತೆ.

"ಉಟ್ಟಾಕಿಗೆ ಬೆಚ್ಚಗ ಆಕೈತಲ್ರಿ" ಎಂದರು ತಾಯಿಯವರು.

ಸಾವುಕಾರರು ರುಮಾಲು ತೆಗೆದು ಬಾವಿಕಟ್ಟೆಯ ಮೇಲಿಟ್ಟರು. ಅಂಗಿಯ ತೋಳು ಮಡಚಿದರು. ದಿಂಡಿನಿಂದ ಇನ್ನೊಂದು ತಿಳಿಹಸಿರು ಸೀರೆ ಎಳೆದು, ತಾವೇ ಹಂಡೆಗೆ ಇಳಿಬಿಟ್ಟರು. "ತಿರುವ್ರಿ, ಇಲ್ಲಂದ್ರ ಕಲೆ ಬೀಳ್ತಾವ" ಎಂದು ತಾಯಿಯವರು ಗದರಿಸಿದರು. ಸಾವುಕಾರರು ತಿರುವಿದರು.

ಆ ದೀಪಾವಳಿಗೂ ಅವರು ಹಿರೇನೂಲಿಗೆ ಬಂದರು. ಉಗುರಿನ ಸಂದಿಯ ನೀಲಿ ಇನ್ನೂ ಹೋಗಿರಲಿಲ್ಲ. ಓಣಿಯ ತುಂಬ ಹಬ್ಬದ ಸೀರೆಗಳು. ಬಣ್ಣ ಹಾಕಿದ ಕೈಯೇ ಆದರೂ ಯಾವುದು ತಮ್ಮದೋ ಗುರುತು ಹತ್ತಲಿಲ್ಲ. ಸ್ವಲ್ಪ ಹೊತ್ತು ಹುಡುಕಿದರಂತೆ, ಚಟ ಎಲ್ಲಿ ಬಿಡುತ್ತದೆ! ಆಮೇಲೆ ಎದುರಾದ ಪ್ರತಿಯೊಬ್ಬ ಹೆಂಗಸಿಗೂ, ಗೌಡರ ಮನೆಯವಳೋ ಕೂಲಿಯವಳೋ ನೋಡದೆ, ಕೈಮುಗಿದು ತಲೆಬಾಗಿ ನಡೆದರು. ಯಾರೆಂದು ತಿಳಿಯದ ಮೇಲೆ ಎಲ್ಲರಿಗೂ ಬಾಗಲೇಬೇಕಲ್ಲ. ಮುಂದಿನ ವರ್ಷದಿಂದ ಅವರ ದಿಂಡಿನಲ್ಲಿ ಒಂದರಂತೆ ಇನ್ನೊಂದು ಸೀರೆ ಇರುತ್ತಿರಲಿಲ್ಲ, ಎಲ್ಲವೂ ಒಮ್ಮೆ ಒಗೆದು ಮಡಿಸಿದವೇ.

ತಾಯಿಯವರು ಲಿಂಗೈಕ್ಯರಾಗಿ ಎಷ್ಟೋ ಕಾಲವಾಯಿತು. ಈಗಲೂ ಆ ಊರಿನವರು ಯಾರಿಗಾದರೂ ಹೊಸ ಬಟ್ಟೆ ಕೊಡುವ ಮುನ್ನ ಒಮ್ಮೆ ನೀರಿಗೆ ಹಾಕಿ ಒಣಗಿಸುತ್ತಾರೆ. ಯಾಕೆಂದು ಕೇಳಿದರೆ, "ನಮ್ಮಲ್ಲಿ ಹಂಗ" ಎನ್ನುತ್ತಾರೆ.

ಕಥೆ ಮುಗಿದ ಮೇಲೆ ನನ್ನ ಕುತೂಹಲ ಸುಮ್ಮನಿರಲಿಲ್ಲ. "ಅತ್ತಿ, ಬಾವಿ ಹತ್ತಿರ ಬಾಯಿ ತೆರೆದಾಕಿ ಯಾರು?" ಎಂದು ಕೇಳಿದೆ. ಬಡತನದ ಮನೆಗೆ ಸೊಸೆಯಾಗಿ ಹೋದ ನಾಗಲಿಂಗವ್ವ ಸೆರಗು ಸರಿಮಾಡಿಕೊಂಡು, ನನ್ನ ಲೋಟದ ಕಡೆ ಕೈ ತೋರಿಸಿದರು.

"ನಿನ್ನ ಚಾ ಆರಾಕತ್ತೇತಿ. ಕುಡೀ."

ಕುಡಿದೆ. ಓದಿದವರೇ, ಇದನ್ನು ನೀವೂ ಇನ್ನೊಬ್ಬರಿಗೆ ಹೇಳಿ. ಅವರು ಆ ಹೆಂಗಸಿನ ಹೆಸರು ಕೇಳಿಯೇ ಕೇಳುತ್ತಾರೆ. ಆಗ ಅವರ ಮುಂದೆ ಚಹಾದ ಲೋಟ ಸರಿಸಿಬಿಡಿ.